ಸೆರಾಫಿನ್ ಟೀಚರ ದಂಶಾವಳಿ

ನಿಮ್ಮನ್ನು ಜೀವಮಾನದಲ್ಲಿ ಕಚ್ಚಿದ ಸೊಳ್ಳೆಗಳೆಲ್ಲ ಹೋಗುವ ಮುಂಚೆ ನಿಮ್ಮ ರಕ್ತದಲ್ಲೊಂದು ರುಜು ಹಾಕಿ ಹೋಗಿದ್ದರೆ? ಆ ರುಜುಗಳನ್ನೆಲ್ಲ ಓದಿ, "ಇದು ಇಂಥ ಊರಿನ ಸೊಳ್ಳೆ, ನಿಮ್ಮ ಇಂಥ ಪ್ರಾಯದಲ್ಲಿ ಕಚ್ಚಿದ್ದು" ಎಂದು ಹೇಳಬಲ್ಲ ಯಂತ್ರವೊಂದು ಇದ್ದಿದ್ದರೆ?

ಇತ್ತು. ಮಂಗಳೂರಿನ ಹಳೆ ಬಂದರಿನಲ್ಲಿ, ಮೀನಿನ ಐಸ್ ಕಾರ್ಖಾನೆಯ ಪಕ್ಕದ ಕಟ್ಟಡದ ಮಹಡಿಯಲ್ಲಿ ಇತ್ತು. ಸರಕಾರ ಅದಕ್ಕಿಟ್ಟ ಹೆಸರು 'ಪೂರ್ವದಂಶ ವಿಶ್ಲೇಷಕ'. ಹಲ್ಲು ಪೂರ್ತಿ ಇದ್ದವರಿಗೂ ಅದು ಬಾಯಲ್ಲಿ ನಿಲ್ಲುತ್ತಿರಲಿಲ್ಲ. ದಂಶ ಎಂದರೆ ಕಡಿತ. ವಂಶಕ್ಕೊಂದು ವಂಶಾವಳಿ ಇದ್ದ ಹಾಗೆ ದಂಶಕ್ಕೊಂದು ದಂಶಾವಳಿ ಇರಲಿ ಎಂದು ಕೆಲಸಕ್ಕೆ ಸೇರಿದ ವಾರವೇ ನಾನು ನಾಮಕರಣ ಮಾಡಿದೆ. ಆಮೇಲೆ ಬಂದರಿನ ಹಮಾಲಿಗಳೂ ಹಾಗೆಯೇ ಕರೆದರು. ಕಡತದಲ್ಲಿ ಮಾತ್ರ ಹಳೆಯ ಹೆಸರು ಉಳಿಯಿತು. ಕಡತ ಓದುವವರು ಯಾರೂ ಇರಲಿಲ್ಲ, ಸೊಳ್ಳೆ ಕೂಡ ಅದರ ಮೇಲೆ ಕೂರುತ್ತಿರಲಿಲ್ಲ.

ಈಗ ಇದನ್ನು ಹೇಳಿದರೆ ನಂಬುವವರು ಕಡಿಮೆ. ಈಗಿನ ಮಕ್ಕಳಿಗೆ ಸೊಳ್ಳೆ ಪರದೆ ತೋರಿಸಿದರೆ ಬಂಗುಡೆ ಹಿಡಿಯುವ ಬಲೆಯಾ ಎಂದು ಕೇಳುತ್ತಾರೆ. ನಮ್ಮ ಕಾಲದಲ್ಲಿ ಸಂಜೆ ಆಯಿತು ಎಂದು ಗೊತ್ತಾಗುತ್ತಿದ್ದುದೇ ಕಿವಿಯ ಹತ್ತಿರದ ಆ ಗುಂಯ್ ಎಂಬ ಸ್ವರದಿಂದ. ಅಂಗಳದಲ್ಲಿ ಹೊಗೆ, ಬಾವಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು, ಮಾತಿನ ಮಧ್ಯೆ ಯಾರೋ ಯಾರದೋ ಬೆನ್ನಿಗೆ ಹೊಡೆಯುವ ಚಟ್ ಎಂಬ ಸದ್ದು. ಹೊಡೆತ ತಿಂದವನು ಥ್ಯಾಂಕ್ಸ್ ಹೇಳಬೇಕಿದ್ದ ಏಕೈಕ ಸಂದರ್ಭ ಅದು.

ಯಂತ್ರದ ಕೆಲಸ ಸರಳ. ಸೊಳ್ಳೆ ರಕ್ತ ಹೀರುವ ಮೊದಲು ಒಂದಿಷ್ಟು ಎಂಜಲು ಬಿಡುತ್ತದೆ. ಒಂದೊಂದು ಜಾತಿಯ ಸೊಳ್ಳೆಗೆ ಒಂದೊಂದು ನಮೂನೆಯ ಎಂಜಲು. ನಮ್ಮ ರಕ್ತದ ಕೆಲವು ಕಣಗಳು ಆ ಎಂಜಲನ್ನು, ಜೊತೆಗೆ ಬಂದ ಮಲೇರಿಯಾ ರೋಗಾಣುವನ್ನು ನೆನಪಿಟ್ಟುಕೊಳ್ಳುತ್ತವೆ. ಒಂದು ಹನಿ ರಕ್ತವನ್ನು ಗಾಜಿನ ಬಿಲ್ಲೆಯ ಮೇಲೆ ಹಾಕಿದರೆ ಸಾಕು, ಪರದೆಯ ಮೇಲೆ ಭೂಪಟ ಮೂಡಿ ಕಚ್ಚಿಸಿಕೊಂಡ ಊರುಗಳೆಲ್ಲ ಚುಕ್ಕಿಗಳಾಗಿ ಹೊಳೆಯುತ್ತಿದ್ದವು. ಬಿಳಿ ಚುಕ್ಕಿ ಎಂದರೆ ನೆನಪು ಉಂಟು. ಹಸಿರು ಚುಕ್ಕಿ ಎಂದರೆ ಆ ಊರಿನ ರೋಗಾಣುವಿನ ಜೊತೆ ಹೊಡೆದಾಡುವ ಶಕ್ತಿಯೂ ಉಂಟು.

ಗಾಳಿಹಡಗುಗಳು ಆಗಷ್ಟೇ ಮಂಗಳೂರಿನಿಂದ ಆಫ್ರಿಕಾದ ಕರಾವಳಿಗೆ ಓಡಾಟ ಶುರುಮಾಡಿದ್ದವು. ಹತ್ತುವ ಮೊದಲು ಎಲ್ಲರೂ ನಮ್ಮಲ್ಲಿಗೆ ಬರಬೇಕು. ಹೋಗುವ ಊರು, ಅಲ್ಲಿ ಮಳೆಗಾಲವೋ ಬೇಸಗೆಯೋ, ಮಲಗುವುದು ಹೋಟೆಲಿನಲ್ಲೋ ಹೊಲದ ಬದಿಯ ಮನೆಯಲ್ಲೋ, ಪ್ರಾಯ ಎಷ್ಟು ಎಂಬುದನ್ನೆಲ್ಲ ಅಳೆದು ಯಂತ್ರ ಎರಡರಲ್ಲೊಂದು ಚೀಟಿ ಕೊಡುತ್ತಿತ್ತು. ಹಸಿರು ಚುಕ್ಕಿ ಇದ್ದವರಿಗೆ 'ಮನೆಯವರು' ಚೀಟಿ. ಅವರಿಗೆ ಮಾತ್ರೆಯ ಕಡ್ಡಾಯವಿಲ್ಲ. ಉಳಿದವರಿಗೆಲ್ಲ 'ಅತಿಥಿ' ಚೀಟಿ. ಅತಿಥಿಗಳು ಹೊರಡುವ ಮೊದಲೇ ಮಾತ್ರೆ ಶುರುಮಾಡಬೇಕು, ಅಲ್ಲಿ ಇರುವಷ್ಟು ಕಾಲ ನುಂಗಬೇಕು, ಬಂದ ಮೇಲೂ ನಾಲ್ಕು ವಾರ ಬಿಡುವಂತಿಲ್ಲ. ಕತ್ತಲಾದರೆ ತುಂಬುತೋಳಿನ ಅಂಗಿ, ಮಲಗಿದರೆ ಔಷಧಿ ಹಾಕಿದ ಪರದೆ. ಪರದೇಶಕ್ಕೆ ಹೋಗುವವನಿಗೆ ಪರದೆಯೇ ದೇಶ ಎಂದು ನಾನು ಗೋಡೆಯ ಮೇಲೆ ಬರೆಸಿದ್ದೆ.

ನನ್ನ ಹೆಸರು ಲೋಹಿತಾಕ್ಷ ಅಮೀನ್. ಲೋಹಿತ ಎಂದರೆ ರಕ್ತ. ಕೆಲಸ ಸಿಕ್ಕಿದ್ದು ಹೆಸರಿನಿಂದಲೇ ಎಂದು ಗೆಳೆಯರು ಹೇಳುತ್ತಿದ್ದರು. ನಿಜವೆಂದರೆ ಪ್ರಾಣಿಶಾಸ್ತ್ರದಲ್ಲಿ ನನಗೆ ಸಿಕ್ಕಿದ್ದು ಪದವಿ, ಪ್ರಾಣಿಗಳ ಸ್ವರದಲ್ಲಿ ಸಿಕ್ಕಿದ್ದು ಬಹುಮಾನ. ಯಂತ್ರಕ್ಕೆ ಸ್ವರ ಬೇಕಿತ್ತು. ಗಂಭೀರ ಸ್ವರದಲ್ಲಿ ಹೇಳಿದರೆ ಜನ ಮಾತ್ರೆಯನ್ನು ಹಡಗಿನಿಂದ ಸಮುದ್ರಕ್ಕೆ ಎಸೆಯುತ್ತಾರೆ, ತಮ್ಮ ಊರಿನವರ ಹಾಗೆ ಹೇಳಿದರೆ ಕೇಳುತ್ತಾರೆ ಎಂಬುದು ನಮ್ಮ ಮುಖ್ಯಸ್ಥೆ ಡಾಕ್ಟರ್ ಮಂಜೂಷಾ ಪಡಿವಾಳರ ಲೆಕ್ಕ. ಹಾಗಾಗಿ ಯಂತ್ರದೊಳಗೆ ನಾನೇ ಧಾರವಾಡದ ಅಜ್ಜಿಯಾಗಿ, "ಏನಪಾ, ಗುಳಿಗಿ ತಗೊಂಡಿಯೋ ಇಲ್ಲೋ? ಜ್ವರ ಬಂದ್ ಮ್ಯಾಲೆ ಅಳ್ಕೋತ ಬರಬ್ಯಾಡ" ಎನ್ನುತ್ತಿದ್ದೆ. ಕುಂದಾಪುರದವನಾಗಿ, "ಹ್ವಾಯ್, ಪರ್ದಿ ಒಳ್ಗ್ ಮನಿಕಣಿ ಮಾರ್ರೆ" ಎನ್ನುತ್ತಿದ್ದೆ. ಮೈಸೂರಿನವನಾಗಿ ಬಹಳ ಮರ್ಯಾದೆಯಿಂದ, "ಸಾರ್, ಸೊಳ್ಳೆಗೆ ನೀವೇ ಊಟ, ಸ್ವಲ್ಪ ಯೋಚ್ನೆ ಮಾಡಿ" ಎನ್ನುತ್ತಿದ್ದೆ. ಒಂದು ದಿನ ಸುಮ್ಮನೆ ಸೊಳ್ಳೆಯ ಸ್ವರವನ್ನೂ ಮಾಡಿದೆ. ಪಡಿವಾಳ್ ಮೇಡಂ ತಲೆಯೆತ್ತದೆ ತಮ್ಮ ಕೈಗೆ ತಾವೇ ಚಟ್ ಎಂದು ಹೊಡೆದುಕೊಂಡರು. ನನ್ನ ಕಲೆಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಸೆರಾಫಿನ್ ಟೀಚರ್ ಬಂದರು.

ಸೆರಾಫಿನ್ ರೆಬೆಲ್ಲೋ ಎಂದರೆ ನಮಗೆ ಏಳನೇ ಕ್ಲಾಸಿನಲ್ಲಿ ಭೂಗೋಳ ಕಲಿಸಿದವರು. ಎಪ್ಪತ್ತು ದಾಟಿತ್ತು. ಸೀರೆಯ ನೆರಿಗೆ ಮಾತ್ರ ಆಗಿನ ಹಾಗೆಯೇ, ಅಕ್ಷಾಂಶ ರೇಖೆಗಳ ಹಾಗೆ ಒಂದರ ಪಕ್ಕ ಒಂದು. ಅವರ ಅಪ್ಪ ಆಫ್ರಿಕಾದ ಕರಾವಳಿಯ ಟಾಂಗಾ ಎಂಬ ಊರಿನ ಕತ್ತಾಳೆ ನಾರಿನ ತೋಟದಲ್ಲಿ ಗುಮಾಸ್ತರಾಗಿದ್ದರು. ಟೀಚರ್ ಹುಟ್ಟಿದ್ದು ಅಲ್ಲಿ. ಹನ್ನೊಂದರ ಪ್ರಾಯದಲ್ಲಿ ಮಂಗಳೂರಿಗೆ ಬಂದವರು ತಿರುಗಿ ಹೋಗಲಿಲ್ಲ. ಆದರೆ ಭೂಗೋಳದ ಯಾವ ಪಾಠ ಹಿಡಿದರೂ ಅದು ಟಾಂಗಾಕ್ಕೆ ಹೋಗಿ ಮುಟ್ಟುತ್ತಿತ್ತು. ಸೈಬೀರಿಯಾದಿಂದಲೂ ಅವರಿಗೆ ಅಲ್ಲಿಗೆ ದಾರಿ ಗೊತ್ತಿತ್ತು.

"ಎಂತ ಲೋಹಿತ, ನೀನು ಇಲ್ಲಿ ಸೊಳ್ಳೆಗಳಿಗೆ ಪಾಸ್‌ಪೋರ್ಟ್ ಕೊಡುವುದಾ?"

"ಸೊಳ್ಳೆ ಕಚ್ಚಿದವರಿಗೆ ಟೀಚರ್. ಕೂತ್ಕೊಳ್ಳಿ. ಎಲ್ಲಿಗೆ ಸವಾರಿ?"

"ಊರಿಗೆ" ಎಂದರು. ಊರು ಯಾವುದು ಎಂದು ಅವರ ಶಿಷ್ಯರು ಯಾರೂ ಕೇಳಬೇಕಾಗಿರಲಿಲ್ಲ. "ಮ್ವನೈದಿ ಕರೀತಿದ್ದಾಳೆ. ಅವಳಿಗೆ ಒಂದು ಕಣ್ಣು ಹೋಯ್ತಂತೆ, ಇನ್ನೊಂದು ಹೋಗ್ತಾ ಉಂಟಂತೆ. ನಿನ್ನ ಮುಖ ಒಂದು ಸಲ ನೋಡ್ಬೇಕು, ಬೇಗ ಬಾ ಅಂದಳು. ಬರುವ ಹಡಗಿಗೆ ಹೋಗುದು. ನನಗೆ ಆ ಮನೆಯವರ ಚೀಟಿ ಒಂದು ಬರೆದುಕೊಡು."

ಮ್ವನೈದಿ ಟೀಚರ ಬಾಲ್ಯದ ಗೆಳತಿ, ತೋಟದ ಅಡುಗೆಯವಳ ಮಗಳು. ಅವಳ ಹೆಸರು ನಮಗೆ ರಾಜಧಾನಿಗಳ ಹೆಸರಿಗಿಂತ ಚೆನ್ನಾಗಿ ಬಾಯಿಪಾಠವಿತ್ತು.

"ನಾನು ಬರೆಯುವುದಲ್ಲ ಟೀಚರ್, ಯಂತ್ರ ಕೊಡುವುದು. ಒಂದು ಹನಿ ರಕ್ತ ಕೊಡಿ."

ಕೊಟ್ಟರು. ಪರದೆಯ ಮೇಲೆ ಭೂಪಟ ಮೂಡಿತು. ಮೊದಲು ಮಂಗಳೂರು ಹೊಳೆಯಿತು: ಅವರ ಶಾಲೆಯ ಹಿಂದಿನ ಬಾವಿ, ಕಟ್ಟಡ ಕಟ್ಟುವ ಕಡೆ ನಿಂತ ನೀರು, ಎಲ್ಲ ನಮ್ಮದೇ ಸೊಳ್ಳೆಗಳು. ಆಮೇಲೆ ಸಮುದ್ರದ ಆಚೆ, ಆಫ್ರಿಕಾದ ಅಂಚಿನಲ್ಲಿ, ಬಹಳ ನಿಧಾನವಾಗಿ ಒಂದು ಚುಕ್ಕಿ ಮೂಡಿತು. ಹಳೆಯ ಗೋಡೆಯ ಸುಣ್ಣದ ಹಾಗೆ ಮಾಸಿದ ಬಿಳಿ. ಟೀಚರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು.

"ನೋಡಿದ್ಯಾ, ಉಂಟು. ನನ್ನ ರಕ್ತ ಮರೀಲಿಲ್ಲ."

ಆಗ ಯಂತ್ರ ನನ್ನ ಮಂಗಳೂರು ಸ್ವರದಲ್ಲಿ ಹೇಳಿತು: "ಸೆರಾಫಿನ್ ರೆಬೆಲ್ಲೋ. ಟಾಂಗಾ. ಮಳೆ ಶುರು ಆಗುವ ಸಮಯ, ಅಪಾಯ ಜಾಸ್ತಿ. ನೀವು ಅತಿಥಿ ಮಾರಾಯ್ರೆ."

ಟೀಚರ್ ನನ್ನ ಮುಖ ನೋಡಿದರು, ನಾನೇ ಬೈದ ಹಾಗೆ. ಸ್ವರ ನನ್ನದೇ ಆದ್ದರಿಂದ ಅದು ಸುಳ್ಳೂ ಆಗಿರಲಿಲ್ಲ.

"ನಾನು ಹುಟ್ಟಿದ ಊರಿಗೆ ನಾನು ಅತಿಥಿಯಾ? ಸಣ್ಣದಿರುವಾಗ ವರ್ಷಕ್ಕೆ ಮೂರು ಸಲ ಬರ್ತಿತ್ತು ನನಗೆ ಆ ಜ್ವರ. ನೆಂಟರ ಹಾಗೆ ಬಂದು ಹೋಗ್ತಿತ್ತು. ಅಲ್ಲಿಯವರಿಗೆ ಮಲೇರಿಯಾ ಎಂತದೂ ಮಾಡುದಿಲ್ಲ, ಗೊತ್ತುಂಟಾ ನಿನಗೆ?"

ಒಳಗಿನಿಂದ ಪಡಿವಾಳ್ ಮೇಡಂ ಬಂದರು. ಅವರದು ಕಡಿಮೆ ಮಾತು. "ಅಮ್ಮ, ಅಲ್ಲಿ ಹುಟ್ಟಿ ಬೆಳೆದವರು ನಮ್ಮಲ್ಲಿಗೆ ಬಂದು ಎಲ್ಲರೂ ಇದೇ ಹೇಳುತ್ತಾರೆ. ಆ ಶಕ್ತಿ ಮತ್ತೆ ಮತ್ತೆ ಕಚ್ಚಿಸಿಕೊಂಡರೆ ಮಾತ್ರ ಉಳಿಯುವುದು. ಊರು ಬಿಟ್ಟ ಕೆಲವೇ ವರ್ಷಕ್ಕೆ ಹೋಗುತ್ತದೆ. ನೆನಪು ಉಳಿಯುತ್ತದೆ, ಅಷ್ಟೇ. ನಿಮ್ಮ ಪ್ರಾಯಕ್ಕೆ ಆ ಜ್ವರ ತಲೆಗೆ ಏರಿದರೆ ಕಷ್ಟ."

"ನಾವೆಲ್ಲ ದೊಡ್ಡವರಾಗಲಿಲ್ವಾ?"

"ದೊಡ್ಡವರಾದವರು ಬಂದು ನನ್ನ ಹತ್ತಿರ ಹೇಳುತ್ತಾರೆ. ಆಗದವರು ಬಂದು ಹೇಳಲಿಕ್ಕಿಲ್ಲವಲ್ಲ" ಎಂದು ಮೇಡಂ ಒಳಗೆ ಹೋದರು.

ಟೀಚರ್ ಎದ್ದರು. "ಅತಿಥಿ ಚೀಟಿ ನೀನೇ ಇಟ್ಕೊ. ಮ್ವನೈದಿಯ ಎದುರು ಕೂತು ಪ್ರವಾಸಿಗಳ ಹಾಗೆ ಮಾತ್ರೆ ನುಂಗ್ಲಿಕ್ಕೆ ನನ್ನಿಂದ ಆಗುದಿಲ್ಲ. ಅವಳ ಮನೆಗೆ ಹೋಗಿ, ನಿನ್ನ ಮನೆಯ ಗಾಳಿಗೆ ನನಗೆ ಹೆದರಿಕೆ ಅಂತ ಪರದೆ ಕಟ್ಟುದಾ?" ಬಾಗಿಲವರೆಗೆ ಹೋದವರು ತಿರುಗಿ ಬಂದು ಸ್ವರ ತಗ್ಗಿಸಿದರು. "ಲೋಹಿತ, ಹಡಗಿನವರು ಯಂತ್ರಕ್ಕೆ ಫೋನ್ ಮಾಡಿಯೇ ಕೇಳುದಲ್ವಾ, ಇವರು ಮನೆಯವರಾ ಅತಿಥಿಯಾ ಅಂತ? ಯಂತ್ರದ ಸ್ವರ ನಿನ್ನದೇ. ಒಂದು ಸಲ ನೀನೇ ಫೋನ್ ಎತ್ತಿ 'ಮನೆಯವರು' ಅಂದ್ರೆ ಯಾರಿಗೆ ಗೊತ್ತಾಗ್ತದೆ?"

ಮನುಷ್ಯನ ಸ್ವರವನ್ನು ಯಂತ್ರ ಅನುಕರಿಸುವುದು ಹಳೆಯ ಸಂಗತಿ. ತನ್ನ ಸ್ವರದಲ್ಲಿ ಮಾತಾಡುವ ಯಂತ್ರವನ್ನು ತಾನೇ ಅನುಕರಿಸುವ ಅವಕಾಶ ಯಾವ ಮಿಮಿಕ್ರಿಯವನಿಗೆ ಸಿಕ್ಕಿದ್ದು? ನನ್ನ ನಾಲಿಗೆ ತುರಿಸಿತು, ಸುಳ್ಳು ಹೇಳುವುದಿಲ್ಲ. "ನೋಡುವ ಟೀಚರ್" ಎಂದೆ. ಅವರು ನಕ್ಕು ಹೋದರು. ಶಾಲೆಯಲ್ಲಿ ಹೋಮ್‌ವರ್ಕ್ ಕೇಳಿದಾಗಲೂ ನಾನು ಇದನ್ನೇ ಹೇಳುತ್ತಿದ್ದೆ.

ಆದಿತ್ಯವಾರ ಸಂಜೆ ಕುಲಶೇಖರ ಬಡಾವಣೆಯಲ್ಲಿದ್ದ ಟೀಚರ ಮನೆಗೆ ಹೋದೆ. ಎರಡು ಕೋಣೆಯ ಫ್ಲ್ಯಾಟು. ಗೋಡೆಯಲ್ಲಿ ಏಸುವಿನ ಪಟ, ಪಕ್ಕದಲ್ಲಿ ಕರಿಮರದ ಒಂದು ಬಾಚಣಿಗೆ. ಅದು ಮ್ವನೈದಿ ಕೊಟ್ಟದ್ದು. ಕ್ಲಾಸಿಗೂ ಒಮ್ಮೆ ತಂದಿದ್ದರು. ಪೆಟ್ಟಿಗೆ ಆಗಲೇ ಕಟ್ಟಿಟ್ಟಿದ್ದರು. ಮೇಲುಗಡೆ ಗೆಳತಿಗೆಂದು ಒಣ ಸಿಗಡಿಯ ಪೊಟ್ಟಣ, ಕಡುನೀಲಿ ಸೀರೆ. "ಕಡು ಬಣ್ಣ ಆದ್ರೆ ಅವಳಿಗೆ ಸ್ವಲ್ಪ ಕಾಣ್ತದೆ" ಎಂದರು. ಅತಿಥಿ ಚೀಟಿಯ ಜೊತೆ ಕೊಡುವ ಮಾತ್ರೆಯ ಡಬ್ಬಿ ನನ್ನ ಚೀಲದಲ್ಲಿತ್ತು. ತೆಗೆಯಲು ಧೈರ್ಯ ಬರಲಿಲ್ಲ.

ಗೋಳಿಬಜೆ, ಚಹಾ ಬಂತು. ನಾನು ಮಾತ್ರೆಯ ವಿಷಯ ಎತ್ತುವ ಮೊದಲೇ ಟೀಚರ್, "ಅದೆಲ್ಲ ಮತ್ತೆ. ಮೊದಲು ನನ್ನ ಸ್ವರ ಮಾಡು. ಎಷ್ಟು ವರ್ಷ ಆಯ್ತು ಕೇಳದೆ" ಎಂದರು. ಶಾಲಾ ವಾರ್ಷಿಕೋತ್ಸವದಲ್ಲಿ ನನ್ನನ್ನು ವೇದಿಕೆಗೆ ತಳ್ಳಿ ತಮ್ಮದೇ ಅಣಕ ಮಾಡಿಸಿದವರು ಅವರು. ಉಳಿದ ಟೀಚರುಗಳು ಮುಖ ಗಂಟಿಕ್ಕಿದರೆ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡು ನಕ್ಕವರೂ ಅವರೇ.

"ಯಾವ ಪಾಠ ಟೀಚರ್?"

"ಯಾವುದು ಮತ್ತೆ? ಜ್ವರದ ಪಾಠ."

ಎದ್ದು ನಿಂತೆ. ಇಲ್ಲದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಮಿಮಿಕ್ರಿ ಮಾಡುವವನಿಗೆ ಒಂದು ಶಾಪ ಉಂಟು: ಅರ್ಥ ಮರೆತರೂ ಶಬ್ದ ಮರೆಯುವುದಿಲ್ಲ. ಎಲ್ಲಿ ಉಸಿರೆಳೆಯುತ್ತಿದ್ದರು, ಎಲ್ಲಿ ಸೀಮೆಸುಣ್ಣ ಮೇಜಿಗೆ ಕುಟ್ಟುತ್ತಿದ್ದರು, ಎಲ್ಲ ಹಾಗೆಯೇ ಬಂತು.

"ಮಕ್ಕಳೇ, ಭೂಮಧ್ಯರೇಖೆಯ ಹತ್ತಿರ ಚಳಿಗಾಲ ಇಲ್ಲ. ಚಳಿಗಾಲ ಇಲ್ಲದಿದ್ರೆ ಎಂತ ಇಲ್ಲ? ಸೊಳ್ಳೆಗೆ ರಜೆ ಇಲ್ಲ. ಟಾಂಗಾದಲ್ಲಿ ಮಳೆ ಬಂತು, ಜ್ವರ ಬಂತು. ಮ್ವನೈದಿ, ನಾನು, ಅವಳ ತಮ್ಮ ಜುಮಾ, ಮೂವರೂ ಒಂದೇ ಚಾಪೆ. ಒಬ್ಬರಿಗೆ ನಡುಕ ಬಂದ್ರೆ ಮೂವರೂ ನಡುಗುದು, ಚಾಪೆಯೇ ನಡುಗುದು. ಅವಳಮ್ಮ ಒದ್ದೆ ಬಟ್ಟೆ ತಂದು ಹಾಕಿದಳು. ಎರಡು ದಿನ ಹಾಗೆ. ಮೂರನೇ ದಿನ ಜ್ವರ ಬಿಡ್ತು. ನಾವು ಇಬ್ಬರೂ ಎದ್ದದ್ದೇ ಮಾವಿನಕಾಯಿ ಕದೀಲಿಕ್ಕೆ ಓಡಿದ್ದು ಓಡಿದ್ದೇ."

ಇಲ್ಲಿ ಕ್ಲಾಸು ನಗುತ್ತಿತ್ತು. ನಗುವಿಗೆಂದು ಅವರು ಜಾಗ ಬಿಡುತ್ತಿದ್ದರು. ಅಭ್ಯಾಸದಿಂದ ನಾನೂ ಬಿಟ್ಟೆ. ನಗು ಬರಲಿಲ್ಲ. ಆ ಖಾಲಿ ಜಾಗದಲ್ಲಿ ನಾನು ಆಡಿದ ಮಾತು ನನಗೇ ಕೇಳಿಸಿತು. ಮಲಗಿದವರು ಮೂವರು. ಎದ್ದವರು ಇಬ್ಬರು.

ಇಷ್ಟು ಸಲ ಅಣಕಿಸಿದ್ದೇನೆ. ನಮ್ಮ ಕ್ಲಾಸಿನ ಹಿಂದೆ ಮುಂದೆ ಎಷ್ಟೋ ಕ್ಲಾಸುಗಳು ಕೇಳಿವೆ. ಒಬ್ಬರೂ ಎಣಿಸಿರಲಿಲ್ಲ.

ಟೀಚರ್ ಕೈಯಲ್ಲಿದ್ದ ಬಸಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು.

"ನಾನು ಹೀಗೆಯೇ ಹೇಳ್ತಿದ್ದೆನಾ?"

"ಹೌದು ಟೀಚರ್. ಹೀಗೆಯೇ."

"ಯಾವಾಗಲೂ?"

"ಯಾವಾಗಲೂ."

ಟೀಚರ್ ಗೋಡೆಯ ಬಾಚಣಿಗೆಯ ಕಡೆ ತಿರುಗಿದರು.

"ಜುಮಾ ನನ್ನ ಫ್ರಾಕಿನ ತುದಿ ಹಿಡ್ಕೊಂಡೇ ತಿರುಗ್ತಿದ್ದ" ಎಂದರು. "ಮೂಗು ಸುರಿಸಿಕೊಂಡು. ಬಿಡು ಅಂದ್ರೂ ಬಿಡ್ತಿರಲಿಲ್ಲ. ಆ ದಿನ ನಾವು ಮಾವಿನ ಮರಕ್ಕೆ ಹೋದದ್ದಲ್ಲ ಲೋಹಿತ. ಮನೆಯಿಂದ ನಮ್ಮನ್ನು ಹೊರಗೆ ಕಳಿಸಿದ್ದು. ಒಳಗೆ ಹೆಂಗಸರು ಅಳ್ತಿದ್ರು. ಮಾವಿನಕಾಯಿ ಬೇರೆ ಯಾವತ್ತೋ. ಅದನ್ನು ಇದಕ್ಕೆ ಯಾವಾಗ ಅಂಟಿಸಿದೆನೋ ನನಗೇ ಗೊತ್ತಿಲ್ಲ. ದೊಡ್ಡವರಾಗದವರು ಅಂತ ನಿಮ್ಮ ಆ ಡಾಕ್ಟರಮ್ಮ ಹೇಳಿದ್ದು ಅವನ ವಿಷಯ" ಎಂದರು.

ಟೀಚರ್ ಎದ್ದು ಫೋನ್ ತೆಗೆದುಕೊಂಡು ಮ್ವನೈದಿಗೆ ಮಾಡಿದರು. ಟಾಂಗಾದ ಭಾಷೆ ಸ್ವಾಹಿಲಿಯಲ್ಲಿ ಮಾತು. ಅವರ ಕೊಂಕಣಿ ಕೇಳಿದ್ದೆ, ಕನ್ನಡ, ತುಳು, ಇಂಗ್ಲಿಷು ಕೇಳಿದ್ದೆ. ಈ ಭಾಷೆಯಲ್ಲಿ ಮಾತ್ರ ಅವರ ಸ್ವರ ಹನ್ನೊಂದು ವರ್ಷದ ಹುಡುಗಿಯದಾಗಿತ್ತು. ಜುಮಾ ಎಂಬ ಹೆಸರು ಒಂದು ಸಲ ಕೇಳಿತು. ಮತ್ತೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿದರು. ಕೊನೆಗೆ ಆ ಕಡೆಯಿಂದ ದೊಡ್ಡ ನಗು.

ಫೋನ್ ಇಟ್ಟು ಟೀಚರ್ ಮೂಗೊರೆಸಿಕೊಂಡರು. "ಅವಳ ಮನೆಯಲ್ಲಿ ಎಲ್ಲರೂ ಪರದೆಯೊಳಗೇ ಮಲಗುದಂತೆ, ಎಷ್ಟೋ ವರ್ಷದಿಂದ. ಜುಮಾ ಹೋದ ಮೇಲೆ ಅವಳಮ್ಮ ಸಿಕ್ಕಿದ ಮೊದಲ ಸಂಬಳದಲ್ಲಿ ತಂದದ್ದು ಪರದೆಯಂತೆ. ನಾನೇ ಇಲ್ಲಿ ಕೂತು ಅಲ್ಲಿಯವರಿಗೆ ಪರದೆ ಬೇಡ ಅಂತ ತೀರ್ಮಾನ ಮಾಡಿದ್ದು." ಮತ್ತೆ ನಕ್ಕರು. "ಅತಿಥಿಯಾಗಿ ಬರಬೇಕಂತೆ, ಎಂತ ಮಾಡುದು ಅಂತ ಕೇಳಿದೆ. ಅವರಲ್ಲಿ ಒಂದು ಗಾದೆ ಉಂಟು, ಎರಡು ದಿನ ಅತಿಥಿ, ಮೂರನೇ ದಿನ ಕೈಗೆ ಗುದ್ದಲಿ ಕೊಡು ಅಂತ. ಎರಡು ದಿನ ಬೇಕಾದ್ರೆ ಅತಿಥಿಯಾಗಿರು, ಮತ್ತೆ ನನಗೆ ಮರಗೆಣಸು ಅಗೆದು ಕೊಡ್ಲಿಕ್ಕೆ ಜನ ಇಲ್ಲ ಅಂದಳು."

ಕೈ ಚಾಚಿದರು. "ಕೊಡು ಆ ಮಾತ್ರೆ. ಚೀಲದಲ್ಲಿ ಉಂಟಂತ ನನಗೆ ಆಗಲೇ ಗೊತ್ತಾಯ್ತು. ನೀನು ಎಂತದಾದ್ರೂ ಅಡಗಿಸಿದ್ರೆ ಆ ಬದಿಯ ಭುಜ ತಗ್ಗಿಸ್ತಿ, ಏಳನೇ ಕ್ಲಾಸಿಂದ."

ಚೀಟಿ ಪಡೆಯಲು ಬಂದ ದಿನ ಒಂದು ಶರತ್ತು ಹಾಕಿದರು. "ನನಗೆ ಇನ್ನೊಬ್ಬರು ಹೇಳಿದ್ದು ಕೇಳಿ ಅಭ್ಯಾಸ ಇಲ್ಲ. ಯಂತ್ರದಲ್ಲಿ ನನ್ನದೇ ಸ್ವರ ಹಾಕು." ಪಡಿವಾಳ್ ಮೇಡಂ ಗೋಡೆ ನೋಡುತ್ತಾ ಸರಿ ಎಂದು ತಲೆಯಾಡಿಸಿದರು. ನಾನು ಟೀಚರ ಎದುರೇ ಕೂತು ಟೀಚರ ಸ್ವರ ತುಂಬಿದೆ. ಯಂತ್ರ ಮಾತಾಡಿತು: "ಸೆರಾಫಿನ್, ಎದ್ದು ನಿಲ್ಲು. ಮಾತ್ರೆ ಊಟ ಆದ ಮೇಲೆ, ದಿನಾ ಅದೇ ಹೊತ್ತಿಗೆ. ಕತ್ತಲಾದ ಮೇಲೆ ಕೈಕಾಲು ಮುಚ್ಚಬೇಕು. ಪರದೆಯ ತುದಿ ಚಾಪೆಯ ಅಡಿಗೆ ಸಿಕ್ಕಿಸಬೇಕು. ಬಂದ ಮೇಲೆ ಯಾವಾಗ ಜ್ವರ ಬಂದ್ರೂ, ತಿಂಗಳು ಕಳೆದಿದ್ರೂ, ಕಷಾಯ ಕುಡಿದು ಮಲಗುದಲ್ಲ, ಅದೇ ದಿನ ರಕ್ತ ತೋರಿಸಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಟೀಚರ್" ಎಂದರು ಟೀಚರ್.

ಹಡಗು ಹೊರಟು ಕೆಲವು ದಿನಗಳ ಮೇಲೆ ಕೇಂದ್ರಕ್ಕೊಂದು ಧ್ವನಿಮುದ್ರಣ ಬಂತು. ಮೊದಲು ಮಳೆಯ ಸದ್ದು. ಆಮೇಲೆ, ಪರದೆಯ ಹೊರಗಡೆ ಎಂದು ಕಾಣುತ್ತದೆ, ಗುಂಯ್ ಎಂಬ ಸಣ್ಣ ಸ್ವರ, ನಮ್ಮ ಊರಿನದಕ್ಕಿಂತ ಒಂದು ಎಳೆ ತಗ್ಗು. ಪರದೆಯ ಒಳಗಡೆ ಇಬ್ಬರು ಮುದುಕಿಯರು ಕಿಸಿಕಿಸಿ ನಗುತ್ತಿದ್ದರು. ಕೊನೆಗೆ ಟೀಚರ ಸ್ವರ: "ಲೋಹಿತ, ಸೀರೆಯ ಬಣ್ಣ ನೀಲಿ ಅಂತ ಅವಳಿಗೆ ಕಂಡಿತು. ಜುಮಾನ ಗೋರಿಯ ಹತ್ತಿರವೂ ಹೋಗಿ ಬಂದೆವು. ಗುದ್ದಲಿ ಸಿಕ್ಕಿತು. ಬೆನ್ನು ನೋವು." ಗುದ್ದಲಿಯ ಗಾದೆಯನ್ನು ಪಡಿವಾಳ್ ಮೇಡಂಗೆ ನಾನೇ ವಿವರಿಸಬೇಕಾಯಿತು.

ಬಂದ ಮೇಲೆ ನಾಲ್ಕು ವಾರ ಮಾತ್ರೆ ತಪ್ಪಿಸಲಿಲ್ಲ. ಕೊನೆಯದನ್ನು ಕೇಂದ್ರಕ್ಕೇ ಬಂದು, ನನ್ನ ಎದುರು ನುಂಗಿ, ಹೋಮ್‌ವರ್ಕ್ ತೋರಿಸುವ ಹಾಗೆ ಖಾಲಿ ಡಬ್ಬಿ ಮೇಜಿನ ಮೇಲಿಟ್ಟರು. ಆಮೇಲೂ ಬಹಳ ವರ್ಷ ಇದ್ದರು. ಮ್ವನೈದಿ ಹೋದ ಸುದ್ದಿ ಬಂದಾಗಲೂ ಇದ್ದರು.

ಟೀಚರ ಸ್ವರ ಯಂತ್ರದಲ್ಲೇ ಉಳಿಯಿತು. ಧಾರವಾಡದ ಅಜ್ಜಿಗಿಂತ, ಕುಂದಾಪುರದವನಿಗಿಂತ ಅದರ ಮಾತನ್ನೇ ಜನ ಹೆಚ್ಚು ಕೇಳುತ್ತಿದ್ದರು. ಎಂಥ ಗಡ್ಡದವನೂ ಆ ಸ್ವರಕ್ಕೆ ಎದ್ದು ನಿಲ್ಲುತ್ತಿದ್ದ.

ಮತ್ತೆ ಕಾಲ ಹೋಯಿತು. ಲಸಿಕೆಗಳು ಬಂದವು, ಮೊಟ್ಟೆಯಿಡಲಾರದ ಸೊಳ್ಳೆಗಳು ಬಂದವು, ಒಂದೊಂದೇ ಊರಿನಿಂದ ಜ್ವರ ಹೋಯಿತು. ಟಾಂಗಾದಿಂದಲೂ ಹೋಯಿತು ಎಂಬ ಸುದ್ದಿ ಬಂದ ದಿನ ನಾನು ಆ ಹಳೆಯ ಧ್ವನಿಮುದ್ರಣ ಹಾಕಿ ಕೇಳಿದೆ. ಹೋಗಲೇಬೇಕಾಗಿದ್ದ ಸ್ವರ ಅದು, ಎಷ್ಟು ಜುಮಾಗಳನ್ನು ಒಯ್ದ ಸ್ವರ. ಆದರೂ ಕಿವಿ ಅದನ್ನು ಹುಡುಕುತ್ತದೆ. ಕಿವಿಗೆ ಬುದ್ಧಿ ಎಲ್ಲುಂಟು?

ಕೇಂದ್ರ ಮುಚ್ಚುವ ದಿನ ಬಂತು. ಪಡಿವಾಳ್ ಮೇಡಂ ನಿವೃತ್ತರಾಗಿದ್ದರೂ ಕೋಲೂರಿಕೊಂಡು ಬಂದಿದ್ದರು. ಪ್ಲಗ್ ತೆಗೆಯುವ ಮೊದಲು, ಇಷ್ಟು ವರ್ಷ ಎಲ್ಲರದೂ ನೋಡಿ ನನ್ನದು ನೋಡಲೇ ಇಲ್ಲವಲ್ಲ ಎಂದು ಒಂದು ಹನಿ ರಕ್ತ ಬಿಲ್ಲೆಯ ಮೇಲೆ ಹಾಕಿದೆ. ಹೋಗುವ ಊರು ಎಂಬಲ್ಲಿ ಮಂಗಳೂರು ಎಂದು ಒತ್ತಿದೆ. ಭೂಪಟ ಮೂಡಿತು. ಕರಾವಳಿಯ ಅಂಚಿನಲ್ಲಿ ಒಂದು ಚುಕ್ಕಿ, ಹಳೆಯ ಸುಣ್ಣದ ಬಣ್ಣ. ಇಲ್ಲಿಯೂ ಸೊಳ್ಳೆ ಕಚ್ಚಿ ಎಷ್ಟೋ ವರ್ಷವಾಗಿತ್ತು.

"ಲೋಹಿತಾಕ್ಷ ಅಮೀನ್, ಎದ್ದು ನಿಲ್ಲು" ಎಂದಿತು ಯಂತ್ರ, ಟೀಚರ ಸ್ವರದಲ್ಲಿ. "ಮಂಗಳೂರು. ನೀನು ಅತಿಥಿ."

"ಸರಿ ಟೀಚರ್" ಎಂದೆ. ನಿಂತೇ ಇದ್ದೆ.

ಪಡಿವಾಳ್ ಮೇಡಂ ಸ್ವಿಚ್ಚು ಆರಿಸಿದರು. ಆಮೇಲೆ, "ನಾಡಿದ್ದು ಮನೆಗೆ ಬನ್ನಿ ಅಮೀನ್ರೇ" ಎಂದರು. "ತೋಟದಲ್ಲಿ ಹುಲ್ಲು ಬಂದಿದೆ. ಗುದ್ದಲಿ ಕೊಡುತ್ತೇನೆ."